ಗೋಡೆ ಬದಿಯ ನಟ್ಟು

ಕಡಬದ ಅಕ್ಕಿ ಮಿಲ್ಲಿನಲ್ಲಿ ನಾನು ಅಕ್ಕಿ ಕೇರುವ ಕೆಲಸಕ್ಕೆ ಸೇರಿದಾಗ ಅಲ್ಲಿಯ ಎಂಜಿನ್ ನೋಡಿಕೊಳ್ಳುತ್ತಿದ್ದವರು ಜತ್ತಪ್ಪ ಗೌಡರು. ಸುಳ್ಯದ ಕಡೆಯವರು. ದುಗ್ಗಮ್ಮ ಅವರ ಹೆಂಡತಿ. ನನಗೆ ಹೇಳಬೇಕಾದದ್ದು ದುಗ್ಗಮ್ಮನ ವಿಷಯ. ಆದರೆ ಆ ಎಂಜಿನಿನ ಒಂದು ನಟ್ಟಿನ ವಿಷಯ ಮೊದಲು ಹೇಳದೆ ಅವಳದ್ದು ಹೇಳಲು ಬರುವುದಿಲ್ಲ.

ನಮ್ಮಲ್ಲಿಗೆ ಕರೆಂಟು ಬರುವ ಮೊದಲಿನ ಕಾಲ ಅದು. ಎಂಜಿನ್ ಎಣ್ಣೆಯಲ್ಲಿ ಓಡುತ್ತಿತ್ತು. ಮಂಗಳೂರಿನಿಂದ ಲಾರಿಯಲ್ಲಿ ತಂದು, ಎಂಜಿನನ್ನು ಮೊದಲು ಕೂರಿಸಿ, ಸುತ್ತ ಗೋಡೆಯನ್ನು ಆಮೇಲೆ ಕಟ್ಟಿದ್ದಂತೆ. ಕಟ್ಟಿದವರು ಒಂದು ಬದಿಯ ಗೋಡೆಯನ್ನು ಎಂಜಿನಿಗೆ ತೀರಾ ಹತ್ತಿರ ತಂದುಬಿಟ್ಟಿದ್ದರು. ಹೊಗೆಯ ಪೈಪು ಎಂಜಿನಿಗೆ ಕೂರುವ ಜಾಗದಲ್ಲಿ ನಾಲ್ಕು ನಟ್ಟುಗಳಿದ್ದವು. ಮೂರು ಕಣ್ಣಿಗೆ ಕಾಣುತ್ತಿದ್ದವು, ಕೈಗೆ ಸಿಗುತ್ತಿದ್ದವು. ನಾಲ್ಕನೆಯದು ಪೈಪಿನ ಹಿಂದೆ, ಗೋಡೆಯ ಬದಿ. ಎಂಜಿನಿನ ನಡುಕಕ್ಕೆ ದಿನಾ ಸಡಿಲವಾಗುತ್ತಿದ್ದದ್ದೂ ಅದೇ. ಸಡಿಲವಾದರೆ ಅಲ್ಲಿಂದ ಹೊಗೆ ಒಳಗೆ ನುಗ್ಗುತ್ತಿತ್ತು. ಹೊಗೆ ಬಂದರೆ ಅಕ್ಕಿಗೆ ವಾಸನೆ ಹಿಡಿಯಿತೆಂದೇ ಲೆಕ್ಕ. ಹೊಗೆ ವಾಸನೆಯ ಅಕ್ಕಿಯನ್ನು ಯಾರು ಉಣ್ಣುತ್ತಾರೆ? ಎಂಜಿನ್ ಬಿಸಿಯಾದ ಮೇಲೆ ಆ ಪೈಪನ್ನು ಮುಟ್ಟುವ ಹಾಗಿಲ್ಲ. ಬೆಳಿಗ್ಗೆ, ತಣ್ಣಗಿರುವಾಗಲೇ ಬಿಗಿ ಮಾಡಬೇಕು.

ಪೇಟೆಯಲ್ಲಿ ಸಿಗುವ ಯಾವ ಸ್ಪಾನರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಹೋದರೂ ತಿರುಗಿಸಲು ಜಾಗವಿಲ್ಲ. ಜತ್ತಪ್ಪ ಗೌಡರು ಒಂದು ರಿಂಗ್ ಸ್ಪಾನರನ್ನು, ನಟ್ಟಿನ ಸುತ್ತ ಬಳೆಯ ಹಾಗೆ ಕೂರುತ್ತದಲ್ಲ, ಅಂಥದ್ದನ್ನು, ಸೀನಾಚಾರಿಯ ಕುಲುಮೆಗೆ ಒಯ್ದು ಕಾಯಿಸಿ, ಕುತ್ತಿಗೆ ಬಗ್ಗಿಸಿ, ಬಾಲ ಕತ್ತರಿಸಿ ಗಿಡ್ಡ ಮಾಡಿಸಿದ್ದರು. ಮಿಲ್ಲಿನಲ್ಲಿ ಅದಕ್ಕೆ ಕೊಕ್ಕೆ ಎಂದೇ ಹೆಸರು. ಅವರದ್ದು ಸಪೂರ ಉದ್ದ ಕೈ. ಪೈಪಿಗೂ ಗೋಡೆಗೂ ನಡುವೆ ಕೈಯನ್ನು ಮೊಣಕೈವರೆಗೆ ಇಳಿಸಿ, ಕಣ್ಣನ್ನು ಮೇಲೆ ಮಾಡಿನ ಹಂಚಿನ ಕಡೆ ಇಟ್ಟು, ಬೆರಳಿನಲ್ಲೇ ನಟ್ಟಿನ ಮೂಲೆ ಹುಡುಕುತ್ತಿದ್ದರು. ಕೊಕ್ಕೆ ಇಟ್ಟು ಒಂದು ಚೂರು ತಿರುಗಿಸುವುದು, ತೆಗೆಯುವುದು, ಮತ್ತೆ ಇಟ್ಟು ಇನ್ನೊಂದು ಚೂರು. ನೋಡಿದವರಿಗೆ ಬೇಸರ ಬರುವಷ್ಟು ನಿಧಾನದ ಕೆಲಸ. ಮುಗಿದ ಮೇಲೆ ಕೈ ಹೊರಗೆ ಎಳೆದು, ಎಂಜಿನಿನ ಮೇಲೆ ಒಂದು ಹೂ ಇಟ್ಟು, ಗೋಡೆಯ ಗೂಡಿನಲ್ಲಿ ದೀಪ ಹಚ್ಚುತ್ತಿದ್ದರು. ಆಮೇಲೆ ಬೆಲ್ಟಿನ ಕೆಲಸದ ಕಾಸಿಂ ಹ್ಯಾಂಡಲ್ ತಿರುಗಿಸಿ ಎಂಜಿನ್ ಹೊರಡಿಸುತ್ತಿದ್ದ.

ಆ ಗೋಡೆಯ ಆಚೆ ಬದಿಯಲ್ಲಿ, ಗೋಡೆಗೇ ತಾಗಿಸಿ ಮಾಡು ಇಳಿಸಿದ ಒಂದು ಕೋಣೆ. ಗಂಡ ಹೆಂಡತಿ ಇದ್ದದ್ದು ಅಲ್ಲೇ. ಮಕ್ಕಳಿರಲಿಲ್ಲ. ಗೋಡೆ ಮಾಡಿನವರೆಗೆ ಇರಲಿಲ್ಲ, ಮೇಲೆ ಒಂದು ಮೊಳದಷ್ಟು ತೆರೆದಿತ್ತು. ಹಾಗಾಗಿ ಆಚೆ ಕೋಣೆಯ ಮಾತು ನಮಗೆ ಕೇಳುತ್ತಿತ್ತು, ಈಚೆಯ ಮಾತು ಅವರಿಗೆ. ದುಗ್ಗಮ್ಮ ನಮ್ಮ ಜೊತೆ ಅಕ್ಕಿ ಕೇರಲು ಬರುತ್ತಿದ್ದಳು. ಗಟ್ಟಿ ನಗು, ಗಟ್ಟಿ ಮಾತು. ಕೇರುವ ಗೆರಸೆ ಕೊಡವಿದರೆ ಅವಳ ಕೈತುಂಬಾ ಇದ್ದ ಗಾಜಿನ ಬಳೆಯ ಸದ್ದು ಎಂಜಿನಿನ ಸದ್ದಿನ ನಡುವೆಯೂ ಕೇಳುತ್ತಿತ್ತು.

ಜತ್ತಪ್ಪ ಗೌಡರಿಗೆ ಕೆಮ್ಮು ಮೊದಲಿನಿಂದಲೂ ಇತ್ತು. ತೌಡಿನ ಧೂಳು, ಎಣ್ಣೆಯ ಹೊಗೆ, ಮಿಲ್ಲಿನಲ್ಲಿ ಕೆಮ್ಮದವರು ಯಾರು? ಆದರೆ ಒಂದು ವರ್ಷ ಕೊಯ್ಲು ಮುಗಿಯುವ ಹೊತ್ತಿಗೆ ಅವರು ಹ್ಯಾಂಡಲ್ ಹತ್ತಿರ ಕುಕ್ಕರಗಾಲಿನಲ್ಲಿ ಕೂತವರು ಎದ್ದೇ ಇಲ್ಲ. ಪುತ್ತೂರಿಗೆ ಕರೆದುಕೊಂಡು ಹೋದರು. ಎದೆ ಹಾಳಾಗಿದೆ, ಮದ್ದು ತಪ್ಪಿಸಬೇಡಿ, ಹೊಗೆ ಧೂಳು ಆಗದು ಎಂದರಂತೆ ಡಾಕ್ಟರು. ಹೊಗೆ ಧೂಳು ಇಲ್ಲದ ಕಡೆ ಎಲ್ಲಿಗೆ ಹೋಗುವುದು? ದುಗ್ಗಮ್ಮನ ಅಣ್ಣ ಬೆಟ್ಟಂಪಾಡಿಯಿಂದ ಬಂದು ನೋಡಿದ. ಅಂಗಳದಲ್ಲೇ ನಿಂತು, "ನಮ್ಮಲ್ಲಿ ಸಣ್ಣ ಮಕ್ಕಳು ಉಂಟು ತಂಗಿ. ಎದೆಯ ಖಾಯಿಲೆ ಅಲ್ವಾ, ಎಂತ ಮಾಡುದು ಹೇಳು" ಎಂದು ನೀರೂ ಕುಡಿಯದೆ ಹೋದ.

ಮಿಲ್ಲಿನ ಧನಿ ಯಜ್ಞೇಶ್ವರಯ್ಯ ಕೆಟ್ಟವರಲ್ಲ. "ಜತ್ತಪ್ಪ ಏಳುವವರೆಗೆ ಕೋಣೆಯಲ್ಲಿ ಇರಿ. ಆದರೆ ಎಂಜಿನ್ ನಿಲ್ಲುವ ಹಾಗಿಲ್ಲ. ನಿಂತರೆ ನಾನು ಬೇರೆ ಜನ ತರಬೇಕು, ಬಂದವನಿಗೆ ಕೋಣೆಯೂ ಬೇಕಾಗ್ತದೆ" ಎಂದರು. ಮಾತು ಅಷ್ಟೇ. ಎಂಜಿನ್ ಓಡಿದರೆ ಕೋಣೆ ಉಂಟು, ಕೋಣೆ ಇದ್ದರೆ ಗಂಡನನ್ನು ಮಲಗಿಸಲು ಒಂದು ಜಾಗ ಉಂಟು. ಎಣ್ಣೆ, ನೀರು, ಹ್ಯಾಂಡಲ್ ಎಲ್ಲ ಕಾಸಿಂ ಮಾಡುತ್ತಾನೆ. ಉಳಿದದ್ದು ಆ ನಟ್ಟು.

"ಕೈ ಹಾಕಿ ನೋಡು ಮಾರಾಯ" ಎಂದರು ಧನಿ.

ಕಾಸಿಂ ಅಂಗಿಯ ತೋಳು ಮಡಿಸಿದ. "ಇದು ಕೈಯಾ, ಹಲಸಿನ ಮರದ ಗೆಲ್ಲಾ ಧನಿಗಳೇ? ಇದು ಅಲ್ಲಿ ಹೋಗಬೇಕಾದರೆ ಸೀನಾಚಾರಿ ನನ್ನನ್ನೂ ಕಾಯಿಸಿ ಬಡಿಯಬೇಕು."

ಎಲ್ಲರೂ ನಕ್ಕರು. ದುಗ್ಗಮ್ಮ ನಗಲಿಲ್ಲ. ತನ್ನ ಕೈಯನ್ನೇ ನೋಡಿಕೊಂಡಳು. "ನಾನು ಹಾಕಿ ನೋಡ್ತೇನೆ" ಎಂದಳು.

ಅವಳದ್ದೂ ಸಪೂರ ಕೈ. ಆದರೆ ಬಳೆ. ಗೋಡೆಗೆ ಒಂದು ಬದಿ ತಾಗುತ್ತದೆ, ಪೈಪಿಗೆ ಇನ್ನೊಂದು ಬದಿ. ಮೇಲಕ್ಕೆ ದೂಡಿ ಬಟ್ಟೆ ಕಟ್ಟಿ ನೋಡಿದಳು. ಮೇಲಕ್ಕೆ ಹೋದಷ್ಟೂ ಕೈ ದಪ್ಪ, ಅಲ್ಲಿ ಇನ್ನೂ ಗಟ್ಟಿಯಾಗಿ ಸಿಕ್ಕಿಕೊಂಡಿತು. ಕೊನೆಗೆ ಸಾಬೂನು ಹಚ್ಚಿ ಬಲಗೈಯ ಬಳೆಯನ್ನೆಲ್ಲ ಒಂದೊಂದೇ ತೆಗೆದು ತೆಂಗಿನ ಕರಟದಲ್ಲಿ ಇಟ್ಟಳು. ಕೈ ಒಳಗೆ ಇಳಿಯಿತು.

ಗೋಡೆಯ ಆಚೆಯಿಂದ ಜತ್ತಪ್ಪ ಗೌಡರು ಮಲಗಿದಲ್ಲಿಂದಲೇ ಹೇಳುತ್ತಿದ್ದರು. "ಮೇಲಿನಿಂದ ಬೇಡ, ಕೆಳಗಿನಿಂದ ಬಾ. ಮೂಲೆ ಬೆರಳಿಗೆ ಸಿಕ್ಕಿತಾ?"

"ಸಿಕ್ಕಿತು."

"ಇನ್ನು ಕೊಕ್ಕೆ ಇಡು. ಚೂರು ತಿರುಗಿಸು. ತೆಗೆ. ಮತ್ತೆ ಇಡು. ಅವಸರ ಮಾಡುದು ಬೇಡ."

"ಅವಸರ ನಿಮ್ಮದು, ನನ್ನದಲ್ಲ. ಬಾಯಿ ಮುಚ್ಚಿ ಮಲಗಿ ನೋಡುವ."

ಅವರು ನಕ್ಕರು, ನಕ್ಕದ್ದು ಕೆಮ್ಮಾಯಿತು. ಆದರೂ ಆ ಬೆಳಿಗ್ಗೆ ಒಂದು ಎಳೆ ಹೊಗೆ ಇಲ್ಲದೆ ಎಂಜಿನ್ ಹೊರಟಿತು. ಕಾಸಿಂ "ಭಲೇ ದುಗ್ಗಕ್ಕ!" ಎಂದು ಬೆಲ್ಟಿಗೆ ಎರಡು ಪೆಟ್ಟು ಹೊಡೆದ. ದುಗ್ಗಮ್ಮ ಮುಖ ಒರೆಸಿಕೊಂಡು ನಮ್ಮ ನಡುವೆ ಬಂದು ಕೂತಳು. ಅವಸರದಲ್ಲಿ ಕರಟವನ್ನು ಎಂಜಿನ್ ಕೋಣೆಯಲ್ಲೇ ಮರೆತಿದ್ದಳು. ಒಂದು ಕೈಯಲ್ಲಿ ಬಳೆ, ಇನ್ನೊಂದು ಬೋಳು. ಗೆರಸೆಯ ಸದ್ದು ಕೇಳಲು ಒಂಥರ ಇತ್ತು.

ಮಧ್ಯಾಹ್ನ ಗಂಡನಿಗೆ ಗಂಜಿ ಕೊಡಲು ಹೋದವಳು ಕಿರುಚಿದಳು. ಜತ್ತಪ್ಪ ಗೌಡರ ತಲೆದಿಂಬಿನ ಬಟ್ಟೆ ಕೆಂಪಾಗಿತ್ತು. ಅಷ್ಟು ಸಮಯದ ಕೆಮ್ಮಿನಲ್ಲಿ ರಕ್ತ ಬಿದ್ದದ್ದು ಅದೇ ಮೊದಲು.

ಮಿಲ್ಲಿನ ಹೆಂಗಸರು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರ ಕಣ್ಣು ಅವಳ ಬೋಳು ಕೈಯ ಮೇಲೆ ಇತ್ತು. ಮದುವೆಯಾದ ಹೆಂಗಸು ಕೈ ಬರಿದು ಮಾಡುವುದು ಯಾವಾಗ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ದುಗ್ಗಮ್ಮ ಓಡಿ ಬಂದು ಕರಟದಿಂದ ಬಳೆಗಳನ್ನು ಬಾಚಿ, ಅಲ್ಲೇ ನಿಂತು, ಸಾಬೂನಿಲ್ಲದೆ ಏರಿಸಿಕೊಂಡಳು. ಎರಡು ಬಳೆ ಒಡೆದು ಕೈ ಕೊಯ್ದು ರಕ್ತ ಬಂತು. ಒಡೆದದ್ದಕ್ಕೆ ಮತ್ತೆ ಹೆದರಿದಳು.

ಆಮೇಲೆ ಅವಳು ಬಳೆ ತೆಗೆಯಲಿಲ್ಲ.

ಸೀನಾಚಾರಿಯಲ್ಲಿಗೆ ಹೋಗಿ ಇನ್ನೊಂದು ಕೊಕ್ಕೆ ಮಾಡಿಸಿದಳು. ಅದಕ್ಕೆ ಉದ್ದದ ಬಾಲ, ಕೈ ಹೊರಗೇ ಇರುವ ಹಾಗೆ. "ಇದರಲ್ಲಿ ತಿರುಗುತ್ತದೆ, ಆದರೆ ನಟ್ಟು ಬಿಗಿಯಾಯಿತಾ ಇಲ್ಲವಾ ಅಂತ ಕೈಗೆ ಗೊತ್ತಾಗುದಿಲ್ಲ. ಜಾರುತ್ತದೆ ಸಹಾ" ಎಂದು ಆಚಾರಿ ಮೊದಲೇ ಹೇಳಿದ್ದ. ಅವನು ಹೇಳಿದ ಹಾಗೇ ಆಯಿತು. ಉದ್ದ ಕೊಕ್ಕೆ ನಟ್ಟಿನ ಮೇಲೆ ಓರೆಯಾಗಿ ಕೂರುತ್ತಿತ್ತು. ಸ್ವಲ್ಪ ತಿರುಗಿ ಜಾರುತ್ತಿತ್ತು. ದುಗ್ಗಮ್ಮ ಬೆವರು ಸುರಿಸಿಕೊಂಡು ಎಷ್ಟು ತಿಣುಕಿದರೂ ಅರ್ಧ ಬಿಗಿ. ಬೆಳಿಗ್ಗೆ ತಡೆಯುತ್ತಿತ್ತು, ಬಿಸಿಲು ಏರುವ ಹೊತ್ತಿಗೆ ತೆಳು ಹೊಗೆ ಏಳುತ್ತಿತ್ತು. ಈಚೆ ನಾವು ಬಾಗಿಲು ತೆರೆದಿಟ್ಟು ಗಾಳಿ ಹಾಕಿ ಅಕ್ಕಿಯನ್ನು ಹೇಗೋ ಉಳಿಸಿಕೊಳ್ಳುತ್ತಿದ್ದೆವು. ಆದರೆ ಹೊಗೆ ಎಂಬುದು ಮೇಲಕ್ಕೆ ಹೋಗುವ ವಸ್ತು. ಗೋಡೆಯ ಮೇಲಿನ ಆ ಮೊಳದಷ್ಟು ಜಾಗದಲ್ಲಿ ನುಸುಳಿ ಆಚೆ ಇಳಿಯುತ್ತಿತ್ತು. ಆಚೆ ಜತ್ತಪ್ಪ ಗೌಡರ ಚಾಪೆ.

ಅಲ್ಲಿಗೆ ಗೋಣಿ ಕಟ್ಟಿದಳು, ತೆಂಗಿನ ಮಡಲು ತುರುಕಿದಳು. ಹೊಗೆಗೆ ದಾರಿ ತೋರಿಸುವವರು ಬೇಡ.

ನಾನು ಅಕ್ಕಿ ಕೇರುತ್ತಾ ಕೇಳಿದ ಮಾತು ಇದು. ಊಟದ ಹೊತ್ತು, ಎಂಜಿನ್ ನಿಂತಿತ್ತು.

"ಕೈ ಒಳಗೆ ಹಾಕಿ ಬಿಗಿ ಮಾಡು" ಎಂದರು ಜತ್ತಪ್ಪ ಗೌಡರು.

"ಬಳೆ ಉಂಟು."

"ತೆಗೆ."

"ತೆಗೆಯುದಿಲ್ಲ."

"ನಿನ್ನ ಬಳೆಗೂ ನನ್ನ ಎದೆಗೂ ಎಂತ ಸಂಬಂಧ ಮಾರಾಯ್ತಿ? ನನ್ನನ್ನು ಕೊಲ್ಲುದು ಈ ಹೊಗೆ."

ದುಗ್ಗಮ್ಮ ಹೇಳಿದಳು: "ಆ ದಿನ ಹೊಗೆ ಇತ್ತಾ? ಒಂದು ಎಳೆ ಇರಲಿಲ್ಲ. ಆ ದಿನವೇ ಅಲ್ವಾ ರಕ್ತ ಬಂದದ್ದು?"

ಜತ್ತಪ್ಪ ಗೌಡರು ಕೆಮ್ಮಿದರು. ಗಂಜಿಯ ಬಟ್ಟಲು ನೆಲಕ್ಕೆ ತಾಗಿದ ಸದ್ದು ಕೇಳಿತು.

ಒಂದು ದಿನ ಕಾಸಿಂ ಧನಿಗಳ ಹತ್ತಿರ ಹೇಳಿದ. "ಅಲ್ಲ ಧನಿಗಳೇ, ನಟ್ಟಿನ ಎದುರಿಗೆ ಸರಿಯಾಗಿ ಗೋಡೆಯ ಒಂದು ಕಲ್ಲು ತೆಗೆದರೆ ಆಚೆ ಬದಿಯಿಂದ ಸೀದಾ ಸ್ಪಾನರ್ ಹಾಕಬಹುದಲ್ಲ?"

ಯಜ್ಞೇಶ್ವರಯ್ಯ ಗೋಡೆಯನ್ನು ಕೆಳಗಿನಿಂದ ಮೇಲೆ ನೋಡಿದರು. ಮುರಕಲ್ಲಿನ ಗೋಡೆ, ಮೇಲೆ ಮಣ್ಣು ಮೆತ್ತಿದ್ದು. "ಗೋಡೆ ಮುಟ್ಟಿದರೆ ಮಾಡು ಕೂರ್ತದೆ. ಮಳೆ ಬೇರೆ ಹತ್ತಿರ ಬಂತು. ಮತ್ತೆ ಆಚೆ ಖಾಯಿಲೆಯವ ಮಲಗಿದ್ದಾನೆ, ಅವನ ತಲೆಯ ಮೇಲೆ ಕಲ್ಲು ಒಡೆಯುದಾ? ಅವನು ಏಳಲಿ, ನೋಡುವ" ಎಂದರು.

ಜತ್ತಪ್ಪ ಗೌಡರು ಏಳಲಿಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ಹೋದರು. ಮಿಲ್ಲಿಗೆ ಭತ್ತ ಬಾರದೆ ಎಂಜಿನ್ ನಿಂತಿದ್ದ ದಿನ. ಹೊಗೆ ಇಲ್ಲ, ಧೂಳಿಲ್ಲ. ಅಂಥ ದಿನವೇ ಹೋದರು. ಬೆಳಿಗ್ಗೆ ಎಂಜಿನಿನ ಸದ್ದು ಕೇಳದೆ, "ನಟ್ಟು ಬಿಗಿಯಾಗಲಿಲ್ಲವಾ?" ಎಂದು ಕೇಳಿದರಂತೆ. ದುಗ್ಗಮ್ಮ "ಆಯಿತು, ಈಗ ಹೊರಡ್ತದೆ" ಎಂದಳಂತೆ. ಅದೇ ಅವರಿಬ್ಬರ ಕೊನೆಯ ಮಾತು.

ಹೆಂಗಸರು ಸೇರಿ ದುಗ್ಗಮ್ಮನ ಬಳೆ ಒಡೆದೆವು. ಎರಡೂ ಕೈ ಕಲ್ಲಿನ ಮೇಲೆ ಇಟ್ಟುಕೊಂಡು ಅವಳು ಬೇರೆ ಯಾರದ್ದೋ ಕೈ ನೋಡುವ ಹಾಗೆ ನೋಡುತ್ತಿದ್ದಳು.

ಉತ್ತರಕ್ರಿಯೆ, ಬೊಜ್ಜ ಎಲ್ಲ ಕಳೆದು ಸ್ವಲ್ಪ ದಿನಕ್ಕೆ ಮಳೆ ಬಿಟ್ಟು ಭತ್ತ ಬರತೊಡಗಿತು. ಆ ಬೆಳಿಗ್ಗೆ ನಾನು ಬರುವಾಗ ದುಗ್ಗಮ್ಮ ಎಂಜಿನ್ ಹತ್ತಿರ ನಿಂತಿದ್ದಳು. ಉದ್ದದ ಕೊಕ್ಕೆ ನೆಲದಲ್ಲಿ ಬಿದ್ದಿತ್ತು. ಗಂಡನ ಗಿಡ್ಡ ಕೊಕ್ಕೆ ಹಿಡಿದು ಕೈಯನ್ನು ಪೈಪಿನ ಹಿಂದೆ ಇಳಿಸಿದ್ದಳು. ಎಲ್ಲಿಯೂ ತಾಗದೆ, ಉಜ್ಜದೆ, ಸಾಬೂನಿಲ್ಲದೆ, ಮೊಣಕೈವರೆಗೆ ಹೋಗಿತ್ತು ಕೈ. ಗಂಡನ ಹಾಗೇ ಕಣ್ಣನ್ನು ಮಾಡಿನ ಕಡೆ ಇಟ್ಟಿದ್ದಳು. ಚೂರು ತಿರುಗಿಸುವುದು, ತೆಗೆಯುವುದು, ಮತ್ತೆ ಇಡುವುದು. ಬಹಳ ಹೊತ್ತು ಮಾಡಿದಳು. ಬಿಗಿಯಾದ ಮೇಲೂ ಮಾಡುತ್ತಿದ್ದಳು. ಕಾಸಿಂ ಮೆಲ್ಲ, "ಸಾಕು ದುಗ್ಗಕ್ಕ, ಬೋಲ್ಟು ತುಂಡಾದೀತು" ಎಂದ.

ಅವಳು ಕೈ ಹೊರಗೆ ಎಳೆದು, ಹೂ ಇಟ್ಟು, ದೀಪ ಹಚ್ಚಿದಳು. ಎಂಜಿನ್ ಹೊರಟಿತು. ಹೊಗೆ ಇಲ್ಲ. ಬಿಸಿಲು ಏರಿದರೂ ಇಲ್ಲ, ಸಂಜೆಯವರೆಗೂ ಇಲ್ಲ.

ಕೆಲಸ ಬಲ್ಲವಳು, ಕೈಯೂ ಹೋಗುತ್ತದೆ, ಇನ್ನು ಕೋಣೆಗೆ ತೊಂದರೆ ಇಲ್ಲ ಎಂದು ನಾವೆಲ್ಲ ಅಂದುಕೊಂಡೆವು. ಅವಳೂ ಅಂದುಕೊಂಡಿರಬೇಕು. ಅಂಗಳದ ಬದಿಯಲ್ಲಿ ನಾಲ್ಕು ಬಸಳೆ ದಂಟು ನೆಟ್ಟಳು.

ಬಸಳೆ ಚಪ್ಪರಕ್ಕೆ ಹತ್ತುವ ಮೊದಲೇ ತಿಮ್ಮಕ್ಕ ಭತ್ತ ತಂದರು. ಊರಿನ ದೊಡ್ಡ ಮನೆಯವರು, ಮಗಳ ಮದುವೆಗೆ ಬಿಳಿಯ ಬೆಳ್ತಿಗೆ ಅಕ್ಕಿ ಮಾಡಿಸಬೇಕಿತ್ತು. ಬೇಗನೇ ಬಂದು ಜಗಲಿಯಲ್ಲಿ ಕೂತಿದ್ದರು. ದುಗ್ಗಮ್ಮ ಹೂ ಇಟ್ಟು ದೀಪ ಹಚ್ಚುವುದನ್ನು ನೋಡಿದರು. ಎದ್ದು ಧನಿಗಳ ಹತ್ತಿರ ಹೋಗಿ, ಗಟ್ಟಿಯಾಗಿಯೂ ಅಲ್ಲ, ಸಿಟ್ಟಿನಲ್ಲಿಯೂ ಅಲ್ಲ, ಹೇಳಿದರು:

"ಯಜ್ಞೇಶ್ವರಯ್ಯ, ಪಾಪದ ಹೆಂಗಸು, ನನಗೂ ಬೇಜಾರ ಉಂಟು. ಆದರೆ ಇದು ಮದುವೆ ಅಕ್ಕಿ. ದೀಪ ಹಚ್ಚಲಿಕ್ಕೆ ಬೇರೆ ಕೈ ಇಲ್ವಾ ನಿಮ್ಮಲ್ಲಿ?"

"ದೀಪ ಕಾಸಿಂ ಹಚ್ಚಲಿ ಹಾಗಾದರೆ" ಎಂದರು ಧನಿ.

"ದೀಪದ ಮಾತು ಮಾತ್ರವಾ? ಬೆಳಿಗ್ಗೆ ಎಂಜಿನನ್ನು ಮೊದಲು ಮುಟ್ಟುದು ಅವಳೇ ಅಲ್ವಾ?"

ಭತ್ತದ ಗೋಣಿಗಳು ಮತ್ತೆ ಗಾಡಿ ಹತ್ತಿದವು. ಮದುವೆ, ಪೂಜೆ ಎಂದರೆ ಮಿಲ್ಲಿಗೆ ಅದೇ ದೊಡ್ಡ ಕೆಲಸ. ಒಬ್ಬರು ಹೋದರೆ ಅವರ ಹಿಂದೆ ಹತ್ತು ಮನೆ ಹೋಗುತ್ತದೆ.

ಸಂಜೆ ಧನಿ ದುಗ್ಗಮ್ಮನನ್ನು ಕರೆದರು. ನಾನು ಗೆರಸೆ ತೊಳೆಯುತ್ತಿದ್ದೆ. "ನನಗೆ ಎಂತದೂ ಇಲ್ಲ ದುಗ್ಗಮ್ಮ. ಬರುವವರು ಹೇಳ್ತಾರೆ. ನಾನು ಎಷ್ಟು ಜನರ ಬಾಯಿ ಮುಚ್ಚುದು? ಹಿಂದೆ ಉಮಿ ತುಂಬಿಸುವ ಕೆಲಸ ಉಂಟು, ಅದಕ್ಕೆ ಬಾ."

"ನಟ್ಟು ಯಾರು ಬಿಗಿ ಮಾಡುದು ಧನಿಗಳೇ?"

"ಜನ ಬರ್ತದೆ."

"ಅವನ ಕೈ ಹೋಗ್ತದಾ?"

ದುಗ್ಗಮ್ಮ ತನ್ನ ಎರಡು ಕೈಯನ್ನೂ ಮುಂದೆ ಮಾಡಿ ತೋರಿಸಿದಳು. ಬೇಡುವ ಹಾಗಲ್ಲ, ಸಾಮಾನು ತೋರಿಸುವ ಹಾಗೆ. "ಬಳೆ ಇರುವಾಗ ಕೈ ಹೋಗಲಿಲ್ಲ. ಈಗ ಹೋಗ್ತದೆ, ನೀವು ಬೇಡ ಹೇಳ್ತೀರಿ. ಎಂತ ಕೈ ಆಗಬೇಕಿತ್ತು ಅಂತ ಹೇಳಿ, ಹಾಗಾದರೆ."

ಯಜ್ಞೇಶ್ವರಯ್ಯ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು.

ಬಂದವನ ಹೆಸರು ಪರಮೇಶ್ವರ. ಪುತ್ತೂರಿನ ದರ್ಬೆಯಲ್ಲಿ ಬಸ್ಸುಗಳ ಕೆಲಸ ಮಾಡಿ ಕಲಿತವನು, ಒಳ್ಳೆಯ ಹುಡುಗ. ಕ್ಯಾನ್ವಾಸಿನ ಚೀಲದಲ್ಲಿ ಸಾಲಾಗಿ ಹೊಸ ಸ್ಪಾನರುಗಳನ್ನು ತಂದಿದ್ದ. ನಾಲ್ಕನೇ ನಟ್ಟಿಗೆ ಒಂದೊಂದನ್ನೇ ಹಾಕಿ ನೋಡಿದ. ಗಿಡ್ಡ ಕೊಕ್ಕೆಯನ್ನು ಎತ್ತಿ, "ಇದೆಂತ ಮಾರಾಯ್ರೆ, ಕೊಕ್ಕರೆಯ ಕುತ್ತಿಗೆಯಾ?" ಎಂದು ಕಾಸಿಂನ ಕೈಗೆ ಕೊಟ್ಟ. ಆಮೇಲೆ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ ಧನಿಗಳಿಗೆ ಹೇಳಿದ: "ಇಲ್ಲಿ ಒಂದು ಕಲ್ಲು ತೆಗೆಸಿ ಧನಿಗಳೇ. ಇಲ್ಲದಿದ್ದರೆ ಈ ಎಂಜಿನ್ ನನ್ನಿಂದ ಆಗುದಿಲ್ಲ."

"ತೆಗೆಸುವ" ಎಂದರು ಧನಿ.

ಮಾಡು ಕೂರುವ ಮಾತು ಯಾರೂ ಎತ್ತಲಿಲ್ಲ. ಕಲ್ಲು ಕೆಲಸದವ ಬಂದ. ಆಚೆ ಕೋಣೆಯಲ್ಲಿ ನಿಂತು ಕೆಲಸ ಮಾಡಬೇಕು, ಇನ್ನು ಮುಂದೆ ದಿನಾ ಬೆಳಿಗ್ಗೆ ಅಲ್ಲಿಂದಲೇ ಸ್ಪಾನರ್ ಹಾಕಬೇಕು. ಹಾಗಾಗಿ ಕೋಣೆ ಖಾಲಿಯಾಗಬೇಕು. ದುಗ್ಗಮ್ಮ ಚಾಪೆ, ಪಾತ್ರೆ, ಒಂದು ಟ್ರಂಕು ಹೊರಗೆ ತಂದು ಬಸಳೆಯ ಹತ್ತಿರ ಇಟ್ಟಳು. ಕೆಲಸದವ ಉಳಿಯಿಂದ ಮಣ್ಣು ಕೆರೆದು, ಸುತ್ತ ಸಡಿಲ ಮಾಡಿ, ಕಲ್ಲನ್ನು ಅಲುಗಿಸಿ ಹೊರಗೆ ಎಳೆದ. ನಾವು ಒಂದು ಗೋಣಿ ಅಕ್ಕಿ ಕೇರಿ ಮುಗಿಸುವ ಮೊದಲೇ ಕೆಲಸ ಆಗಿಹೋಗಿತ್ತು. ಪರಮೇಶ್ವರ ಆಚೆ ನಿಂತು ಸಾದಾ ಸ್ಪಾನರ್ ತೂರಿಸಿ ತಿರುಗಿಸಿದ. ಬಿಗಿಯಾಯಿತು.

ಊಟದ ಹೊತ್ತಿಗೆ ದುಗ್ಗಮ್ಮ ಖಾಲಿ ಕೋಣೆಗೆ ಹೋದಳು. ನಾನು ಈಚೆ ಎಂಜಿನ್ ಕೋಣೆಯಲ್ಲಿ ಗುಡಿಸುತ್ತಿದ್ದೆ. ಕಿಂಡಿಯಲ್ಲಿ ಅವಳ ಕೈ ಕಂಡಿತು. ಒಳಗೆ ಬಂದು, ಬಿಸಿ ಪೈಪಿಗೆ ತಾಗದ ಹಾಗೆ ಗಾಳಿಯಲ್ಲಿ ನಿಂತಿತು. ಕಿಂಡಿ ಎಷ್ಟು ಅಗಲ ಇತ್ತೆಂದರೆ ಎರಡು ಕೈತುಂಬಾ ಬಳೆ ಹಾಕಿಕೊಂಡರೂ ಒಟ್ಟಿಗೆ ಹೋಗುತ್ತಿತ್ತು.

"ಇಷ್ಟೇಯಾ?" ಎಂದಳು.

ನನಗೆ ಕೇಳಿದ್ದಾ, ಅಲ್ಲ ಗೋಡೆಗೆ ಕೇಳಿದ್ದಾ, ಗೊತ್ತಿಲ್ಲ. ನಾನು ಹಿಡಿಸೂಡಿ ಹಿಡಿದುಕೊಂಡು ನಿಂತೆ.

ಉಮಿ ಕೆಲಸಕ್ಕೆ ನಿಲ್ಲದೆ ಅವಳು ಅಣ್ಣನ ಮನೆಗೆ ಹೊರಡುವಾಗ ಕಾಸಿಂ ಗಿಡ್ಡ ಕೊಕ್ಕೆಯನ್ನು ಒರೆಸಿ ತಂದು ಕೊಟ್ಟ. "ಜತ್ತಪ್ಪಣ್ಣನದ್ದು. ಇಟ್ಟುಕೊಳ್ಳಿ ದುಗ್ಗಕ್ಕ."

"ನನಗೆ ಎಂತಕ್ಕೆ ಅದು? ತೊಟ್ಟಿಲು ಕಟ್ಟಲಿಕ್ಕಾ?" ಎಂದಳು. ಕಾಸಿಂ ಮುಖ ತಿರುಗಿಸಿದ. ಆದರೂ ತೆಗೆದುಕೊಂಡು ಟ್ರಂಕಿಗೆ ಹಾಕಿದಳು.

ಬೆಟ್ಟಂಪಾಡಿಯ ಅಣ್ಣನ ಮನೆಯಲ್ಲಿ ಹೆಚ್ಚು ಸಮಯ ಇರಲಿಲ್ಲ ಎಂದು ಕೇಳಿದೆ. ಕೆಲವು ವರ್ಷದ ಮೇಲೆ ಪುತ್ತೂರಿನ ಬಸ್ಸು ನಿಲ್ಲುವಲ್ಲಿ ಸಿಕ್ಕಿದಳು. ದರ್ಬೆಯ ಒಂದು ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ, ಕೈ ಇನ್ನೂ ಸಪೂರವಾಗಿತ್ತು. ಆ ಗಟ್ಟಿ ನಗು ಬರುತ್ತದಾ ಎಂದು ಕಾದೆ. ಬರಲಿಲ್ಲ.

"ಮಿಲ್ಲಿನಲ್ಲಿ ಈಗ ಹೊಗೆ ಉಂಟಾ?" ಎಂದು ಕೇಳಿದಳು.

"ಇಲ್ಲ" ಎಂದೆ.

ಬಸ್ಸು ಬಂತು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ಬಂದಳು. "ಆ ಕಲ್ಲು ಎಂತ ಮಾಡಿದರು?"

ಕಲ್ಲು ಮಿಲ್ಲಿನ ಬಾಗಿಲ ಬದಿಯಲ್ಲೇ ಬಿದ್ದಿತ್ತು. ಕೆಲಸದ ನಡುವೆ ಅದರ ಮೇಲೆ ಕೂತು ನಾವು ಎಲೆಯಡಿಕೆ ಹಾಕುತ್ತಿದ್ದೆವು. ಹೇಳಿದೆ.

"ಹೂಂ" ಎಂದಳು. ಬಸ್ಸು ಹೊರಟಿತು.